ಕೆಂಚಿ ಕದ್ದ ಬೊಟ್ಟು

ಮಕ್ಕಳೇ, ಕುರಿಗಳಿಗೆ ಬುದ್ಧಿ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬುದ್ಧಿ ಬೇಕಾದಷ್ಟಿದೆ. ಅದನ್ನು ಎಲ್ಲಿ ಬಳಸಬೇಕು ಎನ್ನುವಲ್ಲಿ ಮಾತ್ರ ಅವು ಥೇಟ್ ನಮ್ಮ ಹಾಗೆಯೇ ಎಡವುತ್ತವೆ.

ಒಂದು ಕುರುಚಲು ಕಾಡು. ಕಾಡಿನ ಅಂಚಿನಲ್ಲಿ ಒಂದು ಕೊಳ. ಕೊಳದ ಆಚೆಗೆ ಬಂಡೆಗಳ ಗುಡ್ಡ. ಗುಡ್ಡದ ಬುಡದಲ್ಲಿ ಮುಳ್ಳುಬೇಲಿ ಕಟ್ಟಿದ ಒಂದು ರೊಪ್ಪ. ಆ ರೊಪ್ಪದಲ್ಲಿ ಮಾಳಜ್ಜ ಎಂಬ ಕುರಿಗಾಹಿಯ ಮಂದೆ ಇತ್ತು. ಮಂದೆಯಲ್ಲಿ ಕೆಂಚಿ ಎಂಬ ಕಂದು ಬಣ್ಣದ ಕುರಿ, ಅವಳ ಬಾಲಕ್ಕೆ ಅಂಟಿದಂತೆ ಓಡಾಡುವ ಮೂರು ತಿಂಗಳ ಮರಿ ಹೂವಿ.

ಕೆಂಚಿ ಒಳ್ಳೆಯವಳೇ. ಆದರೆ ನಾಲಿಗೆ ಬಹಳ ನಾಜೂಕು. ಒಂದು ಎಲೆ ಸ್ವಲ್ಪ ಒಗರಾದರೂ ಮುಖ ಸಿಂಡರಿಸಿ ಉಗಿಯುವಳು. ತನಗೆ ರುಚಿಸದ್ದು ಪ್ರಪಂಚದಲ್ಲಿ ಇರಲೇಬಾರದು ಎನ್ನುವ ಹಾಗೆ ನಡೆದುಕೊಳ್ಳುವಳು. ಸಿಹಿಯಾದದ್ದು ಕಂಡರೆ ಮಾತ್ರ ತಡೆಯುವವರಿಲ್ಲ.

ಮಂದೆಗೆ ಹಿರಿಯಳು ನಿಂಗಜ್ಜಿ. ಬಾಯಲ್ಲಿ ಎರಡೇ ಹಲ್ಲು ಉಳಿದಿದ್ದ ಮುದಿ ಕುರಿ. ಬೆಳಿಗ್ಗೆ ರೊಪ್ಪದ ಬಾಗಿಲು ತೆರೆದ ಕೂಡಲೇ ಅವಳ ಪಾಠ ಶುರುವಾಗುತ್ತಿತ್ತು.

"ಇಬ್ಬನಿ ಆರೋವರೆಗೆ ಹುಲ್ಲಿಗೆ ಬಾಯಿ ಹಾಕಬೇಡ್ರೇ. ಕಣ್ಣಿಗೆ ಕಾಣದ ಹುಳದ ಮರಿಗಳು ತೇವದ ಜೊತೆ ಹುಲ್ಲಿನ ತುದಿಗೆ ಹತ್ತಿ ಕೂತಿರ್ತವೆ. ಬಿಸಿಲು ಏರಲಿ, ಇಳಿದು ಹೋಗ್ತವೆ. ಕೊಳದ ಅಂಚಿಗಂತೂ ಹೋಗಲೇಬೇಡಿ. ಬಸವನಹುಳು ಇರೋ ಕಡೆ ನಮ್ಮ ಹೊಟ್ಟೆಗೆ ಒಳ್ಳೇದಲ್ಲ."

"ಅಜ್ಜಿಗೆ ಹಲ್ಲಿಲ್ಲ, ಅದಕ್ಕೇ ನಮ್ಮನ್ನೂ ತಿನ್ನೋಕೆ ಬಿಡಲ್ಲ," ಎಂದು ಕೆಂಚಿ ಮರಿಯ ಕಿವಿಯಲ್ಲಿ ಹೇಳುವಳು. ಅಜ್ಜಿ ಅತ್ತ ತಿರುಗಿದ ಕೂಡಲೇ ಇಬ್ಬನಿ ತೊಟ್ಟಿಕ್ಕುವ ಎಳೆ ಹುಲ್ಲನ್ನು ಗಬಗಬ ಮೇಯುವಳು. ಹೂವಿಯೂ ಅಮ್ಮನ ಪಕ್ಕದಲ್ಲೇ ಮೇಯುವಳು. ನಿಜ ಹೇಳಬೇಕೆಂದರೆ ಆ ಹುಲ್ಲು ಬಹಳ ಸಿಹಿಯಾಗಿಯೇ ಇತ್ತು.

ಮೊದಲ ಮಳೆ ಬಿದ್ದು ನೆಲ ಹಸಿರಾಗುವ ಹೊತ್ತಿಗೆ ಮಾಳಜ್ಜ ಗೊಟ್ಟ ಹೊರಗೆ ತೆಗೆಯುತ್ತಿದ್ದ. ಗೊಟ್ಟ ಎಂದರೆ ಬಿದಿರಿನ ಕೊಳವೆ. ಅದರ ಬಾಯಿಯನ್ನು ಓರೆಯಾಗಿ ಕೊಯ್ದು ನುಣುಪು ಮಾಡಿರುತ್ತಾರೆ. ಪಶುವೈದ್ಯರು ಕೊಟ್ಟ ಜಂತುಹುಳದ ಔಷಧವನ್ನು ಅದರಲ್ಲಿ ಅಳತೆಗೆ ತುಂಬಿ, ಕುರಿಯ ಬಾಯಿಯ ಪಕ್ಕದಿಂದ ಮೆಲ್ಲಗೆ ಕುಡಿಸುವುದು. ಇನ್ನೂರು ಕುರಿಗಳಲ್ಲಿ ಯಾವುದು ಕುಡಿಯಿತು, ಯಾವುದು ಬಿಟ್ಟಿತು ಎಂದು ನೆನಪಿಡುವುದು ಯಾರಿಂದ ಸಾಧ್ಯ? ಅದಕ್ಕೇ ಮಾಳಜ್ಜ ಒಂದು ಪದ್ಧತಿ ಇಟ್ಟುಕೊಂಡಿದ್ದ. ಒಂದು ಕರಟದಲ್ಲಿ ಕೆಮ್ಮಣ್ಣನ್ನು ಬೇವಿನೆಣ್ಣೆಯಲ್ಲಿ ಕಲಸಿಟ್ಟುಕೊಳ್ಳುವನು. ಔಷಧ ಗಂಟಲಿಗೆ ಇಳಿದ ಕುರಿಯ ಹಣೆಗೆ ಹೆಬ್ಬೆರಳಿನಿಂದ ಒಂದು ಬೊಟ್ಟು ಇಡುವನು. ಎಣ್ಣೆಯ ಬೊಟ್ಟು ತಿಂಗಳುಗಟ್ಟಲೆ ಮಳೆಗೂ ಜಗ್ಗುತ್ತಿರಲಿಲ್ಲ. ಬೊಟ್ಟು ಇದ್ದರೆ ಕುಡಿದಾಯಿತು. ಇಲ್ಲದಿದ್ದರೆ ಇನ್ನೂ ಕುಡಿಯಬೇಕು. ಇದು ಮಂದೆಗೆಲ್ಲ ಗೊತ್ತಿದ್ದ ಲೆಕ್ಕ.

ಆ ವರ್ಷವೂ ರೊಪ್ಪದ ಬಾಗಿಲಲ್ಲಿ ಮಾಳಜ್ಜ ಗೊಟ್ಟ ಹಿಡಿದು ಕೂತ. ಕುರಿಗಳು ಒಂದೊಂದಾಗಿ ಹೋದವು, ಕೆಮ್ಮಿದವು, ತಲೆ ಕೊಡವಿದವು, ಹಣೆಗೆ ಬೊಟ್ಟು ಇಡಿಸಿಕೊಂಡು ಈಚೆ ಬಂದವು. ಔಷಧದ ಕಹಿ ವಾಸನೆ ಕೆಂಚಿಯ ಮೂಗಿಗೆ ಅಷ್ಟು ದೂರದಿಂದಲೇ ಬಡಿಯಿತು. ಅವಳು ಮೆಲ್ಲಗೆ ಸಾಲಿನಿಂದ ಹಿಂದಕ್ಕೆ ಸರಿದಳು.

ಅಷ್ಟರಲ್ಲಿ ನಿಂಗಜ್ಜಿ ಕುಡಿದು ಬಂದಳು. ಹಣೆಯ ಮೇಲೆ ಬೊಟ್ಟು ಹಸಿಹಸಿಯಾಗಿ ಹೊಳೆಯುತ್ತಿತ್ತು. ಅದನ್ನು ಕಂಡದ್ದೇ ಕೆಂಚಿಯ ತಲೆಗೆ ಆ ಯುಕ್ತಿ ಹೊಳೆಯಿತು.

"ಅಯ್ಯೋ ಅಜ್ಜೀ, ತುಂಬಾ ಕಹಿನಾ? ಈ ವಯಸ್ಸಲ್ಲಿ ನಿನಗೆ ಎಂಥಾ ಕಷ್ಟ!" ಎನ್ನುತ್ತಾ ಹತ್ತಿರ ಬಂದು, ಅಜ್ಜಿಯ ಹಣೆಗೆ ತನ್ನ ಹಣೆ ಒತ್ತಿ ಚೆನ್ನಾಗಿ ಉಜ್ಜಿದಳು.

ಮುದುಕಿಗೆ ಕಣ್ಣು ತುಂಬಿ ಬಂತು. "ನನ್ನ ಕಷ್ಟ ಕೇಳೋಳು ನೀನೊಬ್ಬಳಾದರೂ ಇದ್ದೀಯಲ್ಲ ಕಂದಾ," ಎಂದಳು.

ಕೆಂಚಿ ಹಿಂದೆ ಸರಿದಾಗ ಅವಳ ಹಣೆಯ ಮೇಲೂ ಒಂದು ಕೆಂಪು ಬೊಟ್ಟು ಮೂಡಿತ್ತು. ಆಮೇಲೆ ಬೇಲಿಯ ಮೂಲೆಗೆ ಹೋಗಿ ಅದೇ ಹಣೆಯನ್ನು ಹೂವಿಯ ಹಣೆಗೆ ಒತ್ತಿದಳು. "ನೋಡು ಮಗಳೇ, ನಿನ್ನ ಎಳೆ ನಾಲಿಗೆಗೆ ಆ ಕಹಿ ತಾಕೋದು ಬೇಡ. ಯಾರಿಗೂ ಹೇಳಬೇಡ ಮತ್ತೆ." ಅವಳು ಇದನ್ನು ಪ್ರೀತಿಯಿಂದಲೇ ಮಾಡಿದಳು. ಅದೇ ನನಗೆ ಬೇಸರ.

ಬೇಲಿಯ ಮೇಲೆ ಕೂತಿದ್ದ ಬೆಳ್ಳಕ್ಕಿ ಇದನ್ನೆಲ್ಲ ನೋಡುತ್ತಿತ್ತು. ಮಂದೆಯ ಮೈ ಮೇಲಿನ ಉಣುಗು ಹೆಕ್ಕುವುದು ಅದರ ಕಸುಬು. ಕುರಿಗಳೆಲ್ಲ ಅದನ್ನು ಬೆಳ್ಳಕ್ಕ ಎಂದೇ ಕರೆಯುತ್ತಿದ್ದವು.

"ಏನೇ ಕೆಂಚಿ, ಔಷಧ ಬಾಯಿಗೆ ಬೀಳಲಿಲ್ಲ, ಬೊಟ್ಟು ಮಾತ್ರ ಹಣೆಗೆ ಬಂದುಬಿಡ್ತಲ್ಲ?"

"ಶ್! ಮೆಲ್ಲಗೆ ಮಾತಾಡಕ್ಕ. ನಮ್ಮ ಹುಳ ಹುಪ್ಪಟೆ ಹೆಕ್ಕೋಕೆ ನೀನಿದ್ದೀಯಲ್ಲ, ಔಷಧ ಯಾಕೆ?"

"ಹೊರಗೆ ಕಚ್ಚಿಕೊಂಡದ್ದು ನನ್ನ ಪಾಲು ಕಣೇ. ಒಳಗೆ ಕಚ್ಚಿಕೊಂಡದ್ದು ನನ್ನ ಕೊಕ್ಕಿಗೆ ಎಟುಕಲ್ಲ."

"ನನ್ನ ಒಳಗೆ ಏನಿದೆ? ಹೇಗಿದ್ದೀನಿ ನೋಡು, ದುಂಡಗೆ!"

ಬೆಳ್ಳಕ್ಕ ಕತ್ತು ಉದ್ದ ಮಾಡಿ ಅವಳನ್ನು ನೋಡಿತು. ಆಮೇಲೆ ಹಾರಿ ಹೋಯಿತು.

ಬಾಗಿಲಲ್ಲಿ ಮಾಳಜ್ಜ ಕೊನೆಯ ಸಲ ಮಂದೆಯ ಮೇಲೆ ಕಣ್ಣಾಡಿಸಿದ. ಎಲ್ಲ ಹಣೆಗಳೂ ಕೆಂಪಾಗಿದ್ದವು. ಗೊಟ್ಟವನ್ನು ತೊಳೆದು, ಉಳಿದ ಔಷಧದ ಜೊತೆ ಜೋಳಿಗೆಗೆ ಹಾಕಿಕೊಂಡ.

ಔಷಧ ಕುಡಿದ ಮೇಲೆ ಮೂರು ದಿನ ಮಂದೆ ರೊಪ್ಪದಲ್ಲೇ ಇರಬೇಕು, ಒಣಮೇವು ತಿನ್ನಬೇಕು. ಹೊಟ್ಟೆಯಲ್ಲಿದ್ದ ಹುಳವೆಲ್ಲ ಹಿಕ್ಕೆಯ ಜೊತೆ ಅಲ್ಲಿಯೇ ಬೀಳಲಿ ಎಂದು. ನಾಲ್ಕನೆಯ ದಿನ ಗುಡ್ಡದ ಮೇಲಿನ ಹುಲ್ಲಿಗೆ ಪಯಣ. ಆ ಹುಲ್ಲನ್ನು ಆರು ತಿಂಗಳಿಂದ ಯಾರಿಗೂ ಮುಟ್ಟಿಸದೆ ಕಾಯ್ದಿಟ್ಟಿದ್ದರು.

"ಕೆಳಗಿನ ಕೊಳೆ ಮೇಲಕ್ಕೆ ಹೋಗಬಾರದು. ಈ ಕಟ್ಟುಪಾಡು ಮಾಡಿದವರು ನಮಗಿಂತ ಬಹಳ ಕುರಿ ಕಂಡವರು," ಎಂದು ನಿಂಗಜ್ಜಿ ಏದುಸಿರು ಬಿಡುತ್ತಾ ಗುಡ್ಡ ಹತ್ತಿದಳು.

ಅವಳ ಪಕ್ಕದಲ್ಲೇ ಕೆಂಚಿ ಹತ್ತುತ್ತಿದ್ದಳು. ಕೆಳಗಿನ ಕೊಳೆ ಅವಳ ಹೊಟ್ಟೆಯೊಳಗೆ ಬೆಚ್ಚಗೆ ಕೂತು ಅವಳ ಜೊತೆಗೇ ಮೇಲಕ್ಕೆ ಹತ್ತುತ್ತಿತ್ತು.

ಮೂರು ವಾರ ಕಳೆಯಿತು. ಮಂದೆಯ ಮೈಗೆ ಹೊಳಪು ಏರಿತು. ಟಗರುಗಳು ಸುಮ್ಮಸುಮ್ಮನೆ ಡಿಕ್ಕಿ ಹೊಡೆದಾಡತೊಡಗಿದವು. ನಿಂಗಜ್ಜಿಯ ಕೆಮ್ಮು ಕೂಡ ಕಡಿಮೆಯಾಯಿತು.

ಕೆಂಚಿಯಲ್ಲೂ ಒಂದು ಬದಲಾವಣೆ ಬಂದಿತ್ತು. ಅವಳ ಗದ್ದದ ಕೆಳಗೆ ಮೆತ್ತಗೆ ಒಂದು ಚೀಲದಂಥದ್ದು ತುಂಬಿಕೊಂಡಿತ್ತು. ಬಂಡೆಯ ಗುಳಿಯಲ್ಲಿ ನಿಂತ ಮಳೆನೀರಿನಲ್ಲಿ ಅದನ್ನು ನೋಡಿಕೊಂಡು ಅವಳು ಹಿಗ್ಗಿದಳು.

"ನೋಡಕ್ಕ, ಗದ್ದ ಎಷ್ಟು ತುಂಬಿಕೊಂಡಿದೆ! ಗುಡ್ಡದ ಹುಲ್ಲು ಮೈಗೆ ಹತ್ತಿದೆ. ಮುಖಕ್ಕೆ ಒಂದು ಗಾಂಭೀರ್ಯ ಬಂದಿಲ್ಲವಾ?"

ಬೆಳ್ಳಕ್ಕ ಅವಳ ಬೆನ್ನ ಮೇಲೆ ಕೂತು, ಉಣುಗು ಹೆಕ್ಕುತ್ತಲೇ ಹೇಳಿತು: "ಬೆಳಿಗ್ಗೆ ಇಳಿದು ಸಂಜೆಗೆ ತುಂಬೋ ಗಾಂಭೀರ್ಯ ನಾನು ಎಲ್ಲೂ ಕಂಡಿಲ್ಲ ಕಣೇ. ಗದ್ದದ ಬಾವು ಬಿಡು, ನಿನ್ನ ಬೆನ್ನ ಮೂಳೆ ನನ್ನ ಕಾಲಿಗೆ ಚುಚ್ಚುತ್ತಿದೆ. ಮೊದಲು ಹೀಗಿರಲಿಲ್ಲ."

ಕೆಂಚಿಗೆ ಸಿಟ್ಟು ಬಂತು. ಮೈ ಕೊಡವಿ ಬೆಳ್ಳಕ್ಕನನ್ನು ಎಬ್ಬಿಸಿಬಿಟ್ಟಳು. ಆದರೆ ಅಷ್ಟು ಕೊಡವಿದ್ದಕ್ಕೇ ಅವಳಿಗೆ ಕಣ್ಣು ಕತ್ತಲೆ ಬಂದ ಹಾಗಾಯಿತು.

ತನ್ನ ಗದ್ದವನ್ನು ಮೆಚ್ಚಿಕೊಳ್ಳುವ ಭರದಲ್ಲಿ ಅವಳು ಮರಿಯನ್ನು ಸರಿಯಾಗಿ ನೋಡಿರಲಿಲ್ಲ. ಹೂವಿ ಈಗ ಬಂಡೆಯಿಂದ ಬಂಡೆಗೆ ನೆಗೆಯುತ್ತಿರಲಿಲ್ಲ. ಬೇರೆ ಮರಿಗಳು ಕರೆದರೆ ತಲೆ ಎತ್ತಿ ನೋಡಿ ಮತ್ತೆ ಮಲಗಿಬಿಡುತ್ತಿದ್ದಳು. ಹಾಲು ಕುಡಿಯಲು ಬಂದವಳು ಕೆಚ್ಚಲಿಗೆ ಎರಡು ಸಲ ಗುದ್ದಿ ಸುಸ್ತಾಗುತ್ತಿದ್ದಳು. ಕೆಚ್ಚಲಲ್ಲಿಯೂ ಮೊದಲಿನಷ್ಟು ಹಾಲು ಇರಲಿಲ್ಲ. ಒಂದು ಮಧ್ಯಾಹ್ನ ಮಂದೆ ನೀರಿಗೆ ಇಳಿಯುವಾಗ ಹೂವಿ ನಡುದಾರಿಯಲ್ಲಿ ಕುಸಿದು ಕೂತಳು.

"ಏಳು ಮಗಳೇ."

"ಕಾಲು ಬರ್ತಿಲ್ಲಮ್ಮ."

ಕೆಂಚಿ ಮೂಗಿನಿಂದ ನೂಕಿದಳು. ಮರಿಯ ಮೈ ಹಗುರವಾಗಿತ್ತು. ನಾಲ್ಕು ತಿಂಗಳಾಗುತ್ತಾ ಬಂದ ಮರಿ ಇಷ್ಟು ಹಗುರವಾಗಿರಬಾರದು. ಅವಳು ಜೋರಾಗಿ ಅರಚಿದಳು.

ಹಿಂದೆ ಬರುತ್ತಿದ್ದ ಮಾಳಜ್ಜ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡ. ಹೆಬ್ಬೆರಳಿನಿಂದ ಅದರ ಕೆಳರೆಪ್ಪೆ ಎಳೆದು ನೋಡಿದ. ಒಳಗೆ ಕೆಂಪಗಿರಬೇಕಾದದ್ದು ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

"ರಕ್ತಾನೇ ಇಲ್ಲವಲ್ಲೋ ಇದಕ್ಕೆ!" ಎಂದು ತನ್ನಷ್ಟಕ್ಕೇ ಅಂದುಕೊಂಡ. "ಹೊಟ್ಟೆಹುಳ ಅನ್ನೋಣ ಅಂದ್ರೆ ಹಣೇಲಿ ಬೊಟ್ಟು ಐತೆ. ನಾನೇ ಕುಡಿಸಿದ್ದೀನಿ. ಕುಡಿಸಿದ್ದರ ಮೇಲೆ ಮತ್ತೆ ಕುಡಿಸಿದ್ರೆ ಈ ಎಳೇದು ತಡೀತದಾ? ಇದು ಇನ್ನೇನೋ ಬೇರೆ ಬ್ಯಾನೆ." ಮರಿಯನ್ನು ಎತ್ತಿಕೊಂಡು ಬಂದು ಬಂಡೆಯ ನೆರಳಿನಲ್ಲಿ ಮಲಗಿಸಿದ. "ಬೆಳಗಾಗೋವರೆಗೆ ನೋಡಾನ. ಉಳಿದ್ರೆ ಉಳೀತು," ಎಂದು ಎದ್ದು ಹೋದ. ಅವನ ಮುಖ ಬಾಡಿತ್ತು.

ಕೆಂಚಿ ಅಲ್ಲೇ ನಿಂತಿದ್ದಳು. ಮಾಳಜ್ಜ ಓದಿದ್ದು ಅವಳು ಬರೆದ ಸುಳ್ಳನ್ನು. ಔಷಧ ಅವನ ಜೋಳಿಗೆಯಲ್ಲೇ ಇತ್ತು, ಹತ್ತು ಹೆಜ್ಜೆ ದೂರದಲ್ಲಿ. ಅದಕ್ಕೂ ಅವಳ ಮರಿಗೂ ನಡುವೆ ಅಡ್ಡ ನಿಂತಿದ್ದದ್ದು ಹೆಬ್ಬೆರಳಗಲದ ಒಂದು ಕೆಂಪು ಬೊಟ್ಟು.

ಅವಳು ನಿಂಗಜ್ಜಿಯ ಹತ್ತಿರ ಹೋದಳು.

"ಅಜ್ಜೀ, ನಾನು ಔಷಧ ಕುಡಿದಿಲ್ಲ. ಹೂವಿಗೂ ಕುಡಿಸೋಕೆ ಬಿಡಲಿಲ್ಲ."

"ಬೊಟ್ಟು ಇದೆಯಲ್ಲೇ?"

"ಅದು ನಿನ್ನದು. ಅವತ್ತು ನಿನ್ನ ಹಣೆಯಿಂದ ತಗೊಂಡದ್ದು."

ನಿಂಗಜ್ಜಿ ಮೆಲುಕು ಹಾಕುವುದನ್ನು ನಿಲ್ಲಿಸಿದಳು. ಬೈದಿದ್ದರೆ ಕೆಂಚಿಗೆ ಎಷ್ಟೋ ಹಗುರವಾಗುತ್ತಿತ್ತು. ಅಜ್ಜಿ ಬೈಯಲಿಲ್ಲ.

"ಅವತ್ತು ನನ್ನ ಹಣೆಗೆ ಹಣೆ ಇಟ್ಟೆಯಲ್ಲ ಕೆಂಚಿ," ಎಂದಳು ನಿಧಾನವಾಗಿ, "ನನ್ನ ಮೇಲೆ ಅಕ್ಕರೆ ಅಂತ ಅಂದುಕೊಂಡಿದ್ದೆ."

ಆಮೇಲೆ ಅಜ್ಜಿ ಸುತ್ತಲಿನ ಹುಲ್ಲಿನ ಮೇಲೆ ಕಣ್ಣಾಡಿಸಿದಳು.

"ನಿನ್ನ ಹಿಕ್ಕೆ ಈ ಗುಡ್ಡದ ತುಂಬಾ ಬಿದ್ದಿದೆ. ನೆನ್ನೆಯಿಂದ, ನಿನ್ನ ಪಕ್ಕದಲ್ಲೇ ಮೇಯೋ ಸಾಕಿಯ ಮರಿಗೂ ಹೊಟ್ಟೆ ಕೆಟ್ಟಿದೆ. ಯಾಕೆ ಅಂತ ನಾವೆಲ್ಲ ತಲೆ ಕೆಡಿಸಿಕೊಂಡಿದ್ದೆವು." ಅಜ್ಜಿ ಕೆಮ್ಮಿದಳು. "ಇರಲಿ. ಈಗ ಅದನ್ನು ಹೇಳಿ ಏನು ಬಂತು. ಮರಿ ಉಳಿಯಬೇಕು ಮೊದಲು."

"ಮಾಳಜ್ಜನಿಗೆ ಹೇಗೆ ಹೇಳಲಿ? ನಾನು ಎಷ್ಟು ಕೂಗಿದರೂ ಅವನಿಗೆ ಅದು ಬರೀ 'ಬ್ಯಾ' ಅಂತ ತಾನೇ ಕೇಳೋದು?"

"ಅವನಿಗೆ ನಮ್ಮ ಮಾತು ಬರಲ್ಲ. ಅವನು ನೋಡೋದು ಹಣೆ," ಎಂದಳು ನಿಂಗಜ್ಜಿ. ಅಷ್ಟು ಹೇಳಿ ಮುಖ ಆಚೆ ತಿರುಗಿಸಿದಳು. ಅವಳ ಕಣ್ಣು ಒದ್ದೆಯಾಗಿದ್ದನ್ನು ಕೆಂಚಿ ನೋಡದಿರಲಿ ಎಂದು ಕಾಣುತ್ತದೆ.

ಹಣೆ. ಕೆಂಚಿ ಓಡಿದಳು.

ಬಂಡೆಯ ನೆರಳಿನಲ್ಲಿ ಹೂವಿ ಕಣ್ಣು ಅರೆ ಮುಚ್ಚಿ ಮಲಗಿದ್ದಳು. ಸಣ್ಣಗೆ ಮಳೆ ಹನಿಯುತ್ತಿತ್ತು. ಆದರೆ ಎಣ್ಣೆಯ ಬೊಟ್ಟಿಗೆ ಮಳೆ ಯಾವ ಲೆಕ್ಕ? ನೀರು ಅದರ ಮೇಲೆ ಮಣಿಮಣಿಯಾಗಿ ಉರುಳಿ ಹೋಗುತ್ತಿತ್ತು. ಉಜ್ಜೋಣವೆಂದರೆ ಎಳೆ ಚರ್ಮ. ಉಳಿದದ್ದು ಒಂದೇ ದಾರಿ. ಕೆಂಚಿ ನಾಲಿಗೆ ಚಾಚಿ ಮರಿಯ ಹಣೆಯನ್ನು ನೆಕ್ಕಿದಳು.

ಮಕ್ಕಳೇ, ಬೇವಿನೆಣ್ಣೆ ಯಾವತ್ತಾದರೂ ನಾಲಿಗೆಗೆ ತಾಕಿದೆಯೇ? ಆ ಗೊಟ್ಟದ ಔಷಧ ಅದರ ಮುಂದೆ ಏನೂ ಅಲ್ಲ. ಔಷಧ ಒಂದು ಗುಟುಕು, ಗಂಟಲು ದಾಟಿದರೆ ಮುಗಿಯಿತು. ಇದು ಹಾಗಲ್ಲ. ಮಣ್ಣು ಹಲ್ಲಿಗೆ ಸಿಕ್ಕಿತು, ಎಣ್ಣೆ ನಾಲಿಗೆಗೆ ಮೆತ್ತಿತು. ಕೆಂಚಿಗೆ ಓಕರಿಕೆ ಬಂತು. ತಲೆ ಪಕ್ಕಕ್ಕೆ ಹಾಕಿ ಕೆಮ್ಮಿದಳು, ಮತ್ತೆ ನೆಕ್ಕಿದಳು. ಕೆಂಪು ತೆಳ್ಳಗಾಯಿತು, ಹೋಗಲಿಲ್ಲ. ಮತ್ತೆ ನೆಕ್ಕಿದಳು.

ಹೂವಿ ಕಣ್ಣು ತೆರೆದಳು. "ಅಮ್ಮಾ, ಕಹೀನಾ?"

"ಇಲ್ಲ ಮಗಳೇ," ಎಂದಳು ಕೆಂಚಿ. ಆಮೇಲೆ ಒಂದು ಕ್ಷಣ ತಡೆದಳು. "ಹೂಂ. ಕಹಿ. ತುಂಬಾ ಕಹಿ. ನಾಳೆ ನೀನೂ ಸ್ವಲ್ಪ ಕಹಿ ಕುಡೀಬೇಕು. ನಾನೂ ಕುಡೀತೀನಿ."

ಮರಿಯ ಹಣೆ ಬೆಳ್ಳಗಾಗುವ ಹೊತ್ತಿಗೆ ಕೆಂಚಿಯ ನಾಲಿಗೆ ಕೆಂಪಗಾಗಿತ್ತು. ತನ್ನ ಹಣೆಯನ್ನು ತಾನೇ ನೆಕ್ಕಿಕೊಳ್ಳಲು ಯಾವ ಕುರಿಗೆ ಸಾಧ್ಯ? ಅವಳು ಒರಟು ಬಂಡೆಯ ಮುಂದೆ ನಿಂತು ಹಣೆ ಉಜ್ಜತೊಡಗಿದಳು. ಬೊಟ್ಟಿನ ಜೊತೆ ತುಪ್ಪಳವೂ ಹೋಯಿತು, ತುಪ್ಪಳದ ಜೊತೆ ಸ್ವಲ್ಪ ಚರ್ಮವೂ ಹೋಯಿತು. ಮೇಯುತ್ತಿದ್ದ ಕುರಿಗಳೆಲ್ಲ ತಲೆ ಎತ್ತಿ ನೋಡಿದವು. ಅವಳು ಮಾಡಿದ್ದೇನು ಎಂದು ಈಗ ಇಡೀ ಮಂದೆಗೆ ತಿಳಿಯಿತು. ಬೆಳ್ಳಕ್ಕ ಬಂದು ಬಂಡೆಯ ತುದಿಯಲ್ಲಿ ಕೂತಿತು. ಅವಳ ಗಾಯಕ್ಕೆ ಮುತ್ತಿದ ನೊಣಗಳನ್ನು ಒಂದೊಂದಾಗಿ ಹಿಡಿಯಿತು.

ಬೆಳಗಾಯಿತು. ಮಾಳಜ್ಜ ನಿಧಾನವಾಗಿ ಬಂದ. ಮರಿ ಉಸಿರಾಡುತ್ತಿತ್ತು. ಬಗ್ಗಿ ಎತ್ತಿಕೊಂಡವನು ಹಾಗೇ ನಿಂತ. ನಿನ್ನೆ ಕಂಡಿದ್ದ ಬೊಟ್ಟು ಇಲ್ಲ. ಹಣೆ ಮುಟ್ಟಿ ನೋಡಿದ. ಎಂಜಲಿನಿಂದ ತುಪ್ಪಳ ಮುದ್ದೆಯಾಗಿತ್ತು. ಪಕ್ಕದಲ್ಲಿ ಕೆಂಚಿ. ಅವಳ ಹಣೆಯಲ್ಲಿ ಬೊಟ್ಟಿನ ಜಾಗದಲ್ಲಿ ಹಸಿ ಗಾಯ. ಅವಳ ಗದ್ದ ಹಿಡಿದು ಬಾಯಿ ಬಿಡಿಸಿದ. ನಾಲಿಗೆಯ ಮೇಲೆ ಕೆಮ್ಮಣ್ಣು.

ಐವತ್ತು ವರ್ಷ ಕುರಿ ಕಾಯ್ದವನು. ಮರಿಯ ಹಣೆ, ತಾಯಿಯ ನಾಲಿಗೆ ಎರಡನ್ನೂ ಇನ್ನೊಮ್ಮೆ ನೋಡಿದ.

"ಓಹೋ, ಹಿಂಗೋ ಸಮಾಚಾರ!" ಎಂದ ಕೊನೆಗೆ. "ಲೇ ಕಳ್ಳೀ, ನನ್ನ ಕಣ್ಣಿಗೇ ಮಣ್ಣು ಹಾಕಿದ್ದೆಯಲ್ಲೇ!"

ಬೈಗುಳ ಬಾಯಲ್ಲಿತ್ತು, ಕೈ ಆಗಲೇ ಜೋಳಿಗೆಗೆ ಹೋಗಿತ್ತು. ಗೊಟ್ಟಕ್ಕೆ ಔಷಧ ಬೀಳುವ ಮೊದಲೇ ಕೆಂಚಿ ಮುಂದೆ ಬಂದು ನಿಂತು ಬಾಯಿ ತೆರೆದಳು. ಯಾರೂ ಅವಳ ಕತ್ತು ಹಿಡಿಯಬೇಕಾಗಲಿಲ್ಲ. ಹೂವಿ ನೋಡುತ್ತಿದ್ದಳು. ಕೆಂಚಿ ಮುಖ ಸಿಂಡರಿಸದೆ ನುಂಗಿದಳು. ಆಮೇಲೆ ಮರಿಯ ಸರದಿ. ಅರ್ಧ ಗೊಟ್ಟ, ಅದೂ ಹನಿ ಹನಿಯಾಗಿ.

ಹೂವಿ ಒಂದೇ ದಿನದಲ್ಲಿ ಎದ್ದು ಕುಣಿಯಲಿಲ್ಲ. ಅಂಥದ್ದು ಕತೆಗಳಲ್ಲಿ ಆಗುತ್ತದೆ, ಕುರಿಮಂದೆಯಲ್ಲಿ ಆಗುವುದಿಲ್ಲ. ಎರಡು ದಿನ ಮಾಳಜ್ಜ ಅವಳನ್ನು ಕಂಬಳಿಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ತಿರುಗಿದ, ರಾಗಿ ಗಂಜಿ ಕುಡಿಸಿದ. ಮೂರನೆಯ ದಿನ ಅವಳು ತಾನೇ ನಿಂತಳು. ಹದಿನೈದನೆಯ ದಿನ ಒಂದು ಸಣ್ಣ ಕಲ್ಲನ್ನು ಹಾರಿದಳು. ಅದನ್ನು ನೋಡಿ ಕೆಂಚಿ ಅತ್ತಳು.

ಸಾಕಿಯ ಮರಿಗೂ ಮತ್ತೆ ಔಷಧ ಹಾಕಬೇಕಾಯಿತು. ಗುಡ್ಡದ ಹುಲ್ಲನ್ನು ಅರ್ಧ ಮೇಯುವಷ್ಟರಲ್ಲೇ ಬಿಟ್ಟು, ಮಂದೆ ದೂರದ ಕಲ್ಲುನೆಲಕ್ಕೆ ಹೋಗಬೇಕಾಯಿತು. ಅಲ್ಲಿ ಹುಲ್ಲು ಕಡಿಮೆ, ಮುಳ್ಳು ಹೆಚ್ಚು. ಯಾರೂ ಕೆಂಚಿಯನ್ನು ಎದುರಿಗೆ ಆಡಿಕೊಳ್ಳಲಿಲ್ಲ, ಆದರೆ ಎಷ್ಟೋ ದಿನ ಯಾರೂ ಅವಳ ಪಕ್ಕದಲ್ಲಿ ಮಲಗಲಿಲ್ಲ. ಒಂದು ದಿನ ನಿಂಗಜ್ಜಿ ತಾನಾಗಿಯೇ ಬಂದು ಅವಳ ಪಕ್ಕದಲ್ಲಿ ಮಲಗಿದಳು. "ಚಳಿ ಕಣೇ," ಎಂದಳು, ಅಷ್ಟೇ. ಅವತ್ತು ಅಂಥ ಚಳಿಯೇನೂ ಇರಲಿಲ್ಲ.

ಮರುವರ್ಷ ಮೊದಲ ಮಳೆ ಬಿತ್ತು. ಮಾಳಜ್ಜ ಮತ್ತೆ ಬಾಗಿಲಲ್ಲಿ ಗೊಟ್ಟ ಹಿಡಿದು ಕೂತ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಕೆಂಚಿ, ಅವಳ ಹಿಂದೆ ದೊಡ್ಡವಳಾಗಿದ್ದ ಹೂವಿ. ಕೆಂಚಿಯ ಹಣೆಯಲ್ಲಿ ತುಪ್ಪಳ ಮತ್ತೆ ಬೆಳೆದಿರಲಿಲ್ಲ. ಆ ಬೋಳು ಜಾಗದ ಮೇಲೆಯೇ ಮಾಳಜ್ಜ ಬೊಟ್ಟು ಇಟ್ಟ.

ಈಚೆ ಬಂದ ಅವಳ ಹತ್ತಿರಕ್ಕೆ ಒಂದು ಹರೆಯದ ಕುರಿ ಸುಳಿಯಿತು. ದನಿ ಬಹಳ ಮೆದುವಾಗಿತ್ತು.

"ಅಯ್ಯೋ ಅತ್ತೇ, ತುಂಬಾ ಕಹಿ ಇತ್ತಾ? ಸ್ವಲ್ಪ ನಿಮ್ಮ ಹಣೆ ಈ ಕಡೆ ಕೊಡಿ..."

ಕೆಂಚಿ ಹಣೆ ಕೊಟ್ಟಳು. ಹೇಗೆ ಕೊಟ್ಟಳೆಂದರೆ, ಆ ಕುರಿಯ ಹಿಂಭಾಗಕ್ಕೆ ಹಣೆ ಒತ್ತಿ, ಬೇಲಿಯ ಉದ್ದಕ್ಕೂ ನೂಕಿಕೊಂಡು ಹೋಗಿ, ನೇರ ಮಾಳಜ್ಜನ ಗೊಟ್ಟದ ಮುಂದೆ ನಿಲ್ಲಿಸಿದಳು. ಅದರ ಗಂಟಲು ಗುಟುಕ್ ಎನ್ನುವವರೆಗೆ ಅಲ್ಲಿಂದ ಕದಲಲಿಲ್ಲ.

ನೀತಿ: ಔಷಧ ಕುಡಿದವರ ಗುರುತನ್ನು ಹಚ್ಚಿಕೊಂಡರೆ ನೋಡುವವರು ಮೋಸಹೋಗಬಹುದು, ರೋಗ ಮೋಸಹೋಗುವುದಿಲ್ಲ, ಅದು ನಮ್ಮಿಂದ ನಮ್ಮವರಿಗೆ ದಾಟುತ್ತದೆ.